ಆಕ್ಸಿಜನ್ ಸಿಲಿಂಡರಿಗೆ ಮಲ್ಲಿಗೆ ಬಳ್ಳಿ

ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ನಿಂತಿರುವ ಸಾಮಾನು ಯಾವುದೂ ಇಲ್ಲ. ಟಿ.ವಿ.ಗೆ ಹೊದಿಕೆಯಿದೆ, ಮಿಕ್ಸಿಗೆ ಕುಲಾವಿಯಿದೆ, ಫ್ರಿಜ್ಜಿನ ತಲೆಯ ಮೇಲೆ ಅಂಚಿಗೆ ಲೇಸು ಹಚ್ಚಿದ ಚೌಕವಿದೆ. ಅಡುಗೆ ಗ್ಯಾಸಿನ ಸಿಲಿಂಡರಿಗೆ ನಾನು ನೆರಿಗೆ ಹಿಡಿದು ಹೊಲಿದ ಲಂಗವನ್ನು ನೋಡಿ ನಮ್ಮತ್ತೆ, "ಸೊಂಟಕ್ಕೆ ಸರ್ಯಾಗಿ ಕೂತೈತೆ ಕಣವ್ವ. ಕಿವಿಗೆ ಒಂದು ಜೊತೆ ಓಲೆ ಇಟ್ಬುಟ್ರೆ ಗಂಡು ನೋಡ್ಬೋದು" ಎಂದಿದ್ದರು. ಇದು ಕಾನ್ವೆಂಟಿನಲ್ಲಿ ಹತ್ತಿದ ಚಟ. ನಮಗೆ ಹೊಲಿಗೆ ಮತ್ತು ಚಿತ್ರ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಬೋಳು ಮೂಲೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕರವಸ್ತ್ರದ ಮೂಲೆಗೊಂದು ಹೂ, ದಿಂಬಿನ ಮೂಲೆಗೊಂದು ಹೂ, ಪರೀಕ್ಷೆಯನ್ನು ಬೇಗ ಬರೆದು ಮುಗಿಸಿದವರು ಸುಮ್ಮನೆ ಕೂರದೆ ಉತ್ತರಪತ್ರಿಕೆಯ ಅಂಚಿಗೂ ಒಂದು ಹೂ ಬಿಡಿಸಬೇಕು. ಲೆಕ್ಕದಲ್ಲಿ ನಾನು ಎಷ್ಟೋ ಸಲ ಪಾಸಾಗಿದ್ದು ಆ ಹೂವಿನ ದಯೆಯಿಂದಲೇ ಎಂದು ನನಗೆ ಈಗಲೂ ಗುಮಾನಿ. ಹೀಗೆ ಬೆಳೆದವಳ ಮನೆಗೆ ಒಬ್ಬ ಗಂಡಸು ಕಬ್ಬಿಣ ಕತ್ತರಿಸುವ ಗ್ಯಾಸ್ ಸೆಟ್ಟನ್ನು, ಅದೂ ಯಾರೋ ಬಳಸಿ ಬಿಟ್ಟಿದ್ದನ್ನು, ಕೊಂಡು ತಂದು ಹಿತ್ತಲಲ್ಲಿ ಬತ್ತಲೆ ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು.

ಕೊಂಡವರು ನಮ್ಮವರು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಸ್ಪ್ಯಾನರು ಕೇಳಿದವರಿಗೆ ಸ್ಪ್ಯಾನರು, ಡ್ರಿಲ್ಲು ಕೇಳಿದವರಿಗೆ ಡ್ರಿಲ್ಲು ಕೊಟ್ಟು, ಸಂಜೆ ಎಲ್ಲವನ್ನೂ ವಾಪಸು ಇಸಿದುಕೊಂಡು ಬೀಗ ಹಾಕುವುದು ಅವರ ಕೆಲಸ. ಮದುವೆಮನೆಯಲ್ಲಿ ಬೆಳಗಿನಿಂದ ಬಡಿಸುತ್ತಲೇ ಇದ್ದು ಒಂದು ಪಂಕ್ತಿಗೂ ಕೂರದವರಿರುತ್ತಾರಲ್ಲ, ಹಾಗೆ. ಇಷ್ಟು ವರ್ಷದಲ್ಲಿ ಅವರ ಸ್ಟೋರ್ಸಿನಿಂದ ಒಂದು ಬೋಲ್ಟೂ ಕಳೆದುಹೋದದ್ದಿಲ್ಲ ಎಂಬುದು ಅವರ ಹೆಮ್ಮೆ. ಅವರು ಸ್ವಂತ ಕೈಯಿಂದ ಒಂದು ಬೋಲ್ಟನ್ನೂ ತಿರುಗಿಸಿದ್ದಿಲ್ಲ ಎಂಬುದು ಅವರ ದುಃಖ. ಈ ಎರಡನೆಯದು ನನಗೆ ಗೊತ್ತಾಗಿದ್ದು ಕಾರು ಬಂದ ಮೇಲೆ.

ನಮ್ಮ ಕನಕಪುರದ ಕಡೆ ಅದು ಕಾರ್ಖಾನೆಗಳು ಬಂದು, ಕಾರ್ಖಾನೆಗಳ ಹಿಂದೆ ಸಂಬಳ ಬಂದು, ಸಂಬಳದ ಹಿಂದೆ ಕಾರು ಬರುತ್ತಿದ್ದ ಕಾಲ. ಮನೆಗಳು ಮಾತ್ರ ಹಳೆಯವು. ಮನುಷ್ಯರು ಒಳಗೆ ಬರಲಿ, ಎತ್ತಿನ ಗಾಡಿ ಆಚೆ ನಿಲ್ಲಲಿ ಎಂಬ ಲೆಕ್ಕದಲ್ಲಿ ಕಟ್ಟಿದಂಥವು. ನಮ್ಮ ಕೆಂಪು ಕಾರು ಗೇಟಿನ ಮುಂದೆ ಬಂದು ನಿಂತಾಗಲೇ ಗೇಟಿನ ಅಗಲ ಸಾಲದು ಎಂಬುದು ಎಲ್ಲರಿಗೂ ಹೊಳೆದದ್ದು. ಕಾರು ಬೀದಿಯಲ್ಲೇ ಉಳಿಯಿತು. ಪಕ್ಕದ ಮನೆಯ ಜಯಮ್ಮ ಅದರ ಮೂತಿಯ ಮೇಲೆ ಮೊದಮೊದಲು ಒಂದು ಮೊರ ಮೆಣಸಿನಕಾಯಿ ಇಟ್ಟರು. ಬರಬರುತ್ತಾ ಹಪ್ಪಳ, ಸಂಡಿಗೆ, ಹುಣಸೆಹಣ್ಣು ಎಲ್ಲ ಅಲ್ಲೇ ಒಣಗತೊಡಗಿದವು. "ಬಿಸ್ಲಿಗೆ ತಗಡು ಚೆಂದಾಗಿ ಕಾಯ್ತದೆ ಕಣ್ರವ್ವ, ಒಂದೇ ದಿನಕ್ಕೆ ಗರಿಗರಿ" ಎಂದು ಕಾರನ್ನು ಹೊಗಳಿದರು ಕೂಡ.

ಗೇಟಿನ ಬಲ ರೆಕ್ಕೆ ಒಂದು ಕಬ್ಬಿಣದ ಕಂಬಕ್ಕೆ ನೇತುಬಿದ್ದಿತ್ತು. ಆ ಕಂಬಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಮಾರಗಲವಲ್ಲದಿದ್ದರೂ ಮೊಳಕ್ಕಿಂತ ಹೆಚ್ಚಿನ ಒಂದು ಕಂಬಿ ಜಾಲರಿ. ಬೀದಿ ತುದಿಯ ವೆಲ್ಡಿಂಗ್ ಅಂಗಡಿಯ ನಿಂಗರಾಜು ಬಂದು ನೋಡಿ, "ಅರ್ಧ ಗಂಟೆ ಕೆಲ್ಸ ಸಾರ್. ಕಂಬ ಬುಡಕ್ಕೆ ಕಟ್ ಮಾಡಿ ಗೋಡೆ ಪಕ್ಕಕ್ಕೆ ಸರ್ಸೋದು, ಜಾಲರಿ ಬಿಚ್ಚಿ ಗೇಟಿಗೇ ಸೇರ್ಸಿ ವೆಲ್ಡ್ ಹೊಡಿಯೋದು. ಒಂದು ಕಾಫಿ ಕುಡ್ದು ಹೋಯ್ತಾ ಇರೋದು" ಎಂದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅವನು ತಿರುಗಿ, "ಕಟ್ ಮಾಡುವಾಗ ನೀವು ಒಸಿ ಆಚೆ ನಿಂತಿರಿ ಸಾರ್. ಬಿಳಿ ಬಟ್ಟೆ, ಕಿಡಿ ಹಾರ್ತದೆ" ಎಂದುಬಿಟ್ಟ.

ಅಂದು ರಾತ್ರಿ ಊಟಕ್ಕೆ ಕೂತವರು ಮುದ್ದೆಯನ್ನು ಮುರಿದರೇ ಹೊರತು ಬಾಯಿಗಿಡಲಿಲ್ಲ. "ಫ್ಯಾಕ್ಟರೀಲೂ ಇದೇ ಮಾತು ಕಣೇ. ಫಿಟರ್‌ಗಳು ಕೆಲಸ ಮಾಡೋ ಕಡೆ ಹೋದ್ರೆ ಸಾರ್ ಆಚೆ ನಿಂತ್ಕೊಳ್ಳಿ, ಸಾರ್ ಬಟ್ಟೆ ಕೊಳೆ ಆಗ್ತದೆ. ನನ್ನ ಮನೆ ಗೇಟಿನ ಹತ್ರಾನೂ ನಾನು ಆಚೆ ನಿಂತ್ಕೋಬೇಕಾ?" ಎಂದರು.

"ನಿಂತರೇನು ರೀ? ನಾನು ಕಾಫಿ ಕೊಡ್ತೀನಿ, ಕುಡೀತಾ ನಿಂತಿರಿ" ಎಂದೆ. ಸಮಾಧಾನ ಹೇಳುವುದರಲ್ಲಿ ನನ್ನ ಕೈ ಸ್ವಲ್ಪ ಹಿಂದು.

"ಗೇಟು ನಾನೇ ಕಟ್ ಮಾಡೋದು" ಎಂದು ಅವರು ಮುದ್ದೆ ನುಂಗಿದರು. ಮಾರನೆಯ ಬೆಳಿಗ್ಗೆ ಹಾಲಿನವನಿಗೆ ಹೇಳಿದರು, ಜಯಮ್ಮನಿಗೆ ಹೇಳಿದರು, ಎದುರು ಮನೆಯ ಮೇಷ್ಟ್ರಿಗೆ ಹೇಳಿದರು. ನಿಂಗರಾಜುವಿಗೆ ಬೇರೆ ಯಾರೂ ಹೇಳುವ ಮೊದಲು ತಾವೇ ಹೋಗಿ ಹೇಳಿಬಂದರು. ಅಲ್ಲಿಗೆ ಅದು ಗೇಟಿನ ಮಾತಾಗಿ ಉಳಿಯಲಿಲ್ಲ, ಬೀದಿಯಲ್ಲಿ ಅವರ ಮುಖದ ಮಾತಾಯಿತು.

ಸೆಟ್ಟು ಸಿಕ್ಕಿದ್ದು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡುಗಳನ್ನು ಕಟ್ಟಿ ಮುಗಿಸಿ ಊರು ಬಿಡುತ್ತಿದ್ದ ಒಬ್ಬ ಕಂಟ್ರಾಕ್ಟರನ ಬಳಿ. ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು, ಸೀರೆ ಅಂಗಡಿಗೆ ಹೋಗುವ ಉತ್ಸಾಹದಲ್ಲಿ. ಎದೆಯುದ್ದದ ಒಂದು ಕಪ್ಪು ಸಿಲಿಂಡರು, ಅದರಲ್ಲಿ ಆಕ್ಸಿಜನ್ನಂತೆ. ಅದರ ಪಕ್ಕದಲ್ಲಿ ಗಿಡ್ಡನೆಯ ಕೆಂಗಂದು ಬಣ್ಣದ ಇನ್ನೊಂದು. ಅದರಲ್ಲಿ ಉರಿಯುವ ಗ್ಯಾಸು. ಎರಡರಿಂದಲೂ ಹೊರಟ ಎರಡು ಪೈಪು ಒಂದಾಗಿ ಸೇರುವಲ್ಲಿ ಕೊಕ್ಕರೆಯ ಕತ್ತಿನಂತೆ ಬಾಗಿದ ಹಿತ್ತಾಳೆಯ ಟಾರ್ಚು. ಕಂಟ್ರಾಕ್ಟರ್ ಸಿಲಿಂಡರಿನ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ. ನಮ್ಮವರೂ ಕುಟ್ಟಿ ಕಿವಿಗೊಟ್ಟರು. ಇಬ್ಬರೂ ಹಲಸಿನಹಣ್ಣು ಆರಿಸುವವರ ಹಾಗೆ ತಲೆಯಾಡಿಸಿದರು. ನಾನು ಒಂದೇ ಒಂದು ಮಾತು ಕೇಳಿದೆ: "ಇದಕ್ಕೆ ಬಿಲ್ಲು?"

"ನಂಬ್ಕೆ ಮೇಡಂ, ನಂಬ್ಕೆ! ತುಂಬಿದ ಸಿಲಿಂಡರು ಕೊಡ್ತಾ ಇವ್ನಿ" ಎಂದು ಅವನು ಎದೆ ಮುಟ್ಟಿಕೊಂಡ. ಸಹಿ ಹಾಕಿಸಿಕೊಳ್ಳದೆ ಒಂದು ವಾಷರನ್ನೂ ಯಾರಿಗೂ ಕೊಡದ ನಮ್ಮವರು, ಅವನ ಮುಂದೆ ಅಂಥ ಮಾತೆತ್ತಿದ್ದಕ್ಕೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು.

ಲಗೇಜ್ ಆಟೋದಿಂದ ಸಿಲಿಂಡರುಗಳನ್ನು ಇಳಿಸುವಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಏನ್ಲಾ ಅದು? ಬಾಂಬಾ?"

"ಬಾಂಬಲ್ಲ ಕಣವ್ವ. ಕಬ್ಣ ಕತ್ರಿಸೋದು."

"ಮನೆ ತುಂಬ ಕತ್ರಿ ಅವೆ, ಕುಡ್ಲು ಅವೆ. ಇದ್ಯಾಕ್ಲಾ ನಿಂಗೆ?"

ಉತ್ತರದ ಬದಲು ನಮ್ಮವರು ನಿಯಮಗಳನ್ನು ಜಾರಿಗೆ ತಂದರು. ಸಿಲಿಂಡರುಗಳನ್ನು ಹಿತ್ತಲ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದರು. ಅತ್ತ ಬೆಂಕಿಕಡ್ಡಿ ಒಯ್ಯಬಾರದು. ಆಕ್ಸಿಜನ್ನಿಗೂ ಎಣ್ಣೆಗೂ ಆಗುವುದಿಲ್ಲವಾದ್ದರಿಂದ ಎಣ್ಣೆ ಕೈಯಲ್ಲಿ ಅದನ್ನು ಮುಟ್ಟಬಾರದು. ಇದು ಕಾರ್ಖಾನೆಯ ಫಿಟರುಗಳು ಅವರಿಗೆ ಊಟದ ವೇಳೆಯಲ್ಲಿ ಹೇಳಿಕೊಟ್ಟ ಪಾಠ, ನಿಜವಾದ ಮಾತು. ಆದರೆ ನಮ್ಮತ್ತೆ ನೆತ್ತಿಗೆ ಹರಳೆಣ್ಣೆ ತಟ್ಟಿಕೊಳ್ಳದೆ ಮಂಚ ಬಿಟ್ಟು ಇಳಿದವರಲ್ಲ. ಹೀಗಾಗಿ ಅವರಿಗೆ ಸ್ವಂತ ಹಿತ್ತಲಿಗೇ ಪ್ರವೇಶ ತಪ್ಪಿತು. ಕರಿಬೇವು ಬೇಕಾದರೂ ಬಾಗಿಲಲ್ಲಿ ನಿಂತು ನನ್ನನ್ನು ಕೂಗುವರು. "ಹೋಗವ್ವ, ನೀನು ಶಾಂಪೂನೋಳು, ನಿಂಗೆ ಬುಡ್ತಾನೆ. ಹೆತ್ತೋಳು ಆಗ್ದೋಳಾದೆ" ಎಂದು ಅವರು ಬೀದಿಗೆ ಕೇಳುವಂತೆ ಹೇಳುವರು.

ಆಮೇಲೆ ಅಭ್ಯಾಸ ಶುರುವಾಯಿತು. ಸಂಜೆ ಕೆಲಸದಿಂದ ಬಂದವರೇ ಕಪ್ಪು ಕನ್ನಡಕ, ತೋಳುದ್ದದ ಚರ್ಮದ ಕೈಗವಸು ಹಾಕಿಕೊಂಡು ಹಿತ್ತಲಿಗೆ ಇಳಿಯುವರು. ಟಪ್ ಎಂದು ಒಂದು ಶಬ್ದ, ಆಮೇಲೆ ಸಿಳ್ಳೆಯಂಥ ಸದ್ದು, ಆಮೇಲೆ ನೀಲಿ ಜ್ವಾಲೆ. ತೂತು ಬಿದ್ದ ಕಬ್ಬಿಣದ ಬಾಂಡ್ಲಿ ಎರಡಾಯಿತು. ಮುರಿದ ಗುದ್ದಲಿ ಮೂರಾಯಿತು. ನೇಗಿಲಿನ ಹಳೆಯ ಗುಳವೊಂದು ಬಹಳ ದಿನದಿಂದ ಮೂಲೆಯಲ್ಲಿ ಮಲಗಿತ್ತು, ಅದೂ ಹೋಯಿತು. ಅತ್ತೆ ತಮ್ಮ ರೊಟ್ಟಿ ಹೆಂಚನ್ನು ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದರು. ಕತ್ತರಿಸಿದ ಅಂಚುಗಳೆಲ್ಲ ಬಟ್ಟೆಯನ್ನು ಇಲಿ ಕಡಿದಂತೆ ಕಾಣುತ್ತಿದ್ದವು. ಆದರೆ ಮಸಿ ಬಡಿದ ಮುಖದಲ್ಲಿ ನಗುತ್ತಾ ಒಳಗೆ ಬಂದು "ಬಿಸಿನೀರು ಐತಾ?" ಎಂದು ಕೇಳುತ್ತಿದ್ದ ಮನುಷ್ಯನನ್ನು ನಾನು ಮದುವೆಯಾದಂದಿನಿಂದ ಅಷ್ಟು ಖುಷಿಯಾಗಿ ನೋಡಿದ್ದಿಲ್ಲ. ಕಾಲರಿನ ಕೊಳೆ ಉಜ್ಜುವಾಗ ಮಾತ್ರ ನನಗೆ ಸ್ವಲ್ಪ ಅಸಮಾಧಾನವಾಗುತ್ತಿತ್ತು.

ಗೇಟಿಗೆ ಮುಹೂರ್ತ ಇಟ್ಟಿದ್ದು ಆಯುಧಪೂಜೆಯ ದಿನ. ನಮ್ಮ ಕಡೆ ಆಯುಧಪೂಜೆಯೆಂದರೆ ನಿಮಗೆ ಗೊತ್ತಲ್ಲ, ಮಚ್ಚಿನಿಂದ ಹಿಡಿದು ಬಸ್ಸಿನವರೆಗೆ ಎಲ್ಲಕ್ಕೂ ಸ್ನಾನ, ಬಣ್ಣ, ಅಲಂಕಾರ. ಹೊಲಿಗೆ ಯಂತ್ರಕ್ಕೂ ಕಡ್ಲೆಪುರಿ ಸಿಗುತ್ತದೆ. ಹಿಂದಿನ ಎರಡು ದಿನ ನಾನು ಒಂದೊಂದನ್ನೇ ತೊಳೆದು ಒರೆಸುತ್ತಾ ಹಿತ್ತಲಿಗೆ ಬಂದರೆ, ಅಲ್ಲಿ ಆ ಎರಡು ಸಿಲಿಂಡರುಗಳು ಸ್ನಾನ ಕಾಣದ ಹೋರಿಗಳ ಹಾಗೆ ನಿಂತಿದ್ದವು. ಮೈತುಂಬ ಗೀರು, ಚಕ್ಕೆಯೆದ್ದ ಬಣ್ಣ. ಕಿಟಕಿಗಳಿಗೆ ಹೊಡೆಸಿ ಉಳಿದಿದ್ದ ಆಕಾಶನೀಲಿಯ ಡಬ್ಬಿ ಅಟ್ಟದ ಮೇಲಿತ್ತು. ಮೊದಲು ಮರಳು ಕಾಗದ ಹಾಕಿ ಉಜ್ಜಿದೆ. ದೊಡ್ಡದರ ಕತ್ತಿನ ಸುತ್ತ ಯಾರೋ ಉಳಿಯಲ್ಲಿ ಹೊಡೆದಂತೆ ಅಕ್ಷರಗಳು, ಅಂಕಿಗಳು. ಮೊಡವೆ ಎದ್ದ ಮುಖ. ಬ್ರಷ್ಷು ಅಲ್ಲಿಗೆ ಬಂದರೆ ತಡವರಿಸುತ್ತಿತ್ತು. ಬಡಗಿ ಮರದ ಸಂದು ಮುಚ್ಚಲು ತಂದಿದ್ದ ಪುಟ್ಟಿಯನ್ನು ಅದರ ಮೇಲೆ ತೀಡಿ, ಒಣಗಿಸಿ, ಮತ್ತೆ ಉಜ್ಜಿದೆ. ಕತ್ತು ಕೈಗೆ ಬೆಣ್ಣೆಯಾಯಿತು. ಮೇಲೆ ಎರಡು ಸಲ ನೀಲಿ. ಬರೀ ನೀಲಿ ಬೋಳು ಎನಿಸಿ, ಕತ್ತಿನಿಂದ ಬುಡದವರೆಗೆ ಸುತ್ತಿಕೊಂಡು ಇಳಿಯುವ ಹಾಗೆ ಒಂದು ಮಲ್ಲಿಗೆ ಬಳ್ಳಿ ಬಿಡಿಸಿದೆ. ಗಿಡ್ಡದಕ್ಕೆ ಗುಲಾಬಿ ಬಣ್ಣ, ಹೊಟ್ಟೆಯ ಮೇಲೆ ಒಂದು ತಾವರೆ. ದೂರ ನಿಂತು ನೋಡಿದೆ. ಚನ್ನಪಟ್ಟಣದ ಬೊಂಬೆ ಅಂಗಡಿಯಿಂದ ಗಂಡಹೆಂಡಿರ ಜೋಡಿಯೊಂದು ಇಳಿದು ಬಂದು ನಮ್ಮ ಗೋಡೆಗೆ ಒರಗಿದಂತಿತ್ತು.

ಸಂಜೆ ನಮ್ಮವರು ಬಂದು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು.

"ಇದು ಸಿಲಿಂಡರ್ ಕಣೇ."

"ಗೊತ್ತು ರೀ."

"ಕಪ್ಪಗಿರ್ಬೇಕಿತ್ತು."

"ಯಾಕೆ?"

ಸ್ಟೋರ್ಸಿನಲ್ಲಿ ಯಾವುದು ಯಾವ ಬಣ್ಣದಲ್ಲಿರುತ್ತದೆ ಎಂದು ಅವರಿಗೆ ಗೊತ್ತು, ಏಕೆ ಎಂದು ಯಾರೂ ಅವರನ್ನು ಕೇಳಿರಲಿಲ್ಲ. "ಹೋಗ್ಲಿ, ಹಬ್ಬ" ಎಂದು ಒಳಗೆ ಹೋದರು.

ಹಬ್ಬದ ದಿನ ಬೀದಿಯೆಲ್ಲ ನಮ್ಮ ಗೇಟಿನ ಮುಂದಿತ್ತು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಆಯಿತು, ಬೂದುಗುಂಬಳ ಒಡೆದದ್ದಾಯಿತು. ಗೇಟಿನ ಬಳಿಗೆ ತಂದು ನಿಲ್ಲಿಸಿದ್ದ ಸಿಲಿಂಡರುಗಳ ಹತ್ತಿರ ಕರ್ಪೂರ ಕೂಡದು ಎಂಬ ಅಪ್ಪಣೆಯಿದ್ದುದರಿಂದ ಅತ್ತೆ ಜಗಲಿಯ ಮೇಲೆ ನಿಂತುಕೊಂಡೇ, ಬಸ್ಸಿಗೆ ಕೈ ಅಡ್ಡ ಮಾಡುವವರ ಹಾಗೆ, ದೂರದಿಂದ ಮಂಗಳಾರತಿ ಬೀಸಿದರು. ನಮ್ಮವರು ಕನ್ನಡಕ ಇಳಿಸಿಕೊಂಡರು. ಕಿಡಿ ಹಾರಿತು. ಜನ ಹಿಂದೆ ಸರಿದರು. "ಆಚೆ ನಿಂತ್ಕೊಳ್ಳಿ, ಆಚೆ ನಿಂತ್ಕೊಳ್ಳಿ, ಬಟ್ಟೆಗೆ ಹಾರ್ತದೆ" ಎಂದು ಅವರು ಕೂಗಿದ ದನಿಯಲ್ಲಿದ್ದ ಸುಖವನ್ನು ನಾನು ಹೇಳಲಾರೆ. ಕಂಬದ ಬುಡ ತುಂಡಾಯಿತು. ಜಾಲರಿಯ ಕೆಳಗಿನ ಕಂಬಿಗಳು ಒಂದೊಂದಾಗಿ ಬಿಟ್ಟುಕೊಂಡವು. ಮೇಲಿನ ಕಂಬಿಗಳಿಗೆ ಕೈಯಿಟ್ಟರು ನೋಡಿ, ಜ್ವಾಲೆ ಕೆಮ್ಮಿತು, ಹಳದಿಗೆ ತಿರುಗಿತು, ಸೊರಗಿತು. ಅಭ್ಯಾಸದ ಬಾಂಡ್ಲಿ, ಗುದ್ದಲಿಗಳೆಲ್ಲ ಆಕ್ಸಿಜನ್ ಕುಡಿದು ಮುಗಿಸಿದ್ದವು.

ಕಂಬ ಕುಡುಕನ ಹಾಗೆ ಜಾಲರಿಗೆ ಒರಗಿತು. ಗೇಟು ಕಂಬಕ್ಕೆ ಒರಗಿತು. ಎಲ್ಲವನ್ನೂ ಸೇರಿಸಿ ಬಟ್ಟೆ ಒಣಹಾಕುವ ಹಗ್ಗದಲ್ಲಿ ಕಟ್ಟಿದೆವು. ಜನ ಕಡ್ಲೆಪುರಿ ಮೆಲ್ಲುತ್ತಾ ಮನೆಗೆ ಹೋದರು. ಅಂದಿನಿಂದ ನಮ್ಮ ಮನೆಗೆ ಗೇಟು ಇದ್ದೂ ಇಲ್ಲದಂತಾಯಿತು. ಜಯಮ್ಮನ ಎಮ್ಮೆ ಬೆಳಗಿನ ಹೊತ್ತು ನಿಧಾನವಾಗಿ ಒಳಗೆ ಬಂದು, ನನ್ನ ಕನಕಾಂಬರದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ತಿಂದು, ಅದೇ ಗಾಂಭೀರ್ಯದಲ್ಲಿ ಹೊರಗೆ ಹೋಗುತ್ತಿತ್ತು. ನಿಂಗರಾಜು ದಿನವೂ ಮೊಪೆಡ್ಡನ್ನು ನಮ್ಮ ಮನೆಯ ಮುಂದೆ ನಿಧಾನ ಮಾಡುವನು. "ಸಾರ್, ಅರ್ಧ ಗಂಟೆ ಆಯ್ತಾ?" ನಮ್ಮವರು ಪೇಪರನ್ನು ಮುಖದ ಮೇಲಕ್ಕೆ ಏರಿಸುವರು. ಆ ಪೇಪರು ತಲೆಕೆಳಗಾಗಿರುವುದನ್ನು ನಾನು ಎರಡು ಸಲ ಗಮನಿಸಿ ಸುಮ್ಮನಿದ್ದೆ.

ಆಕ್ಸಿಜನ್ ತುಂಬಿಸಲು ರಾಮನಗರಕ್ಕೆ ಹೋಗಬೇಕಿತ್ತು. ಸಿಲಿಂಡರನ್ನು ಲಗೇಜ್ ಆಟೋದಲ್ಲಿ ಮಲಗಿಸಿ ಕಟ್ಟಿ, ಹಿಂದೆ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ಕುಚ್ಚು ಕಟ್ಟಲು ಕೊಟ್ಟಿದ್ದ ಸೀರೆ ಅಲ್ಲಿತ್ತು, ಅದಕ್ಕೆ ನಾನು. ಮುಂದೆ ಹೂವಿನ ಸಿಲಿಂಡರು, ಹಿಂದೆ ನಾವು; ಮಗಳನ್ನು ಗಂಡನ ಮನೆಗೆ ಬಿಡಲು ಹೋಗುವವರ ಹಾಗಿದ್ದೆವು. ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿದಾಗ ರಾಮನಗರ ಬಂತೆಂದು ಕಿಟಕಿ ಏರಿಸಿದೆ.

ಗ್ಯಾಸ್ ಏಜೆನ್ಸಿಯ ಯಜಮಾನರು ವಯಸ್ಸಾದವರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅಂಗಳದಲ್ಲಿ ಕಪ್ಪು ಸಿಲಿಂಡರುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ನಮ್ಮದನ್ನು ಇಳಿಸಿದಾಗ ಯಾರದೋ ಹುಟ್ಟುಹಬ್ಬದ ಹಾಗೆ ಕಂಡಿತು.

"ಏನ್ ಸ್ವಾಮಿ ಇದು?" ಎಂದರು ಯಜಮಾನರು.

"ಆಕ್ಸಿಜನ್ ಸಿಲಿಂಡರು. ತುಂಬ್ಸಿ ಕೊಡ್ಬೇಕಿತ್ತು."

"ಯಾರ್ದು?"

"ನಮ್ದೇ. ಸ್ವಂತದ್ದು."

"ಸ್ವಂತದ್ದಾ?" ಯಜಮಾನರು ಕನ್ನಡಕ ಏರಿಸಿಕೊಂಡರು. "ನಮ್ಮ ಕಡೆ ಸಿಲಿಂಡರನ್ನ ಯಾರೂ ಸ್ವಂತಕ್ಕೆ ಮಡಿಕ್ಕಳಲ್ಲ ಸ್ವಾಮಿ. ನಾವು ಬಾಡಿಗೆಗೆ ಕೊಡ್ತೀವಿ, ಖಾಲಿ ಆದ್ಮೇಲೆ ವಾಪಸ್ ತಕ್ಕತೀವಿ. ಸ್ವಂತದ್ದು ಅಂದ್ರೆ ಹೆಂಗೆ?"

ಅವರು ಸಿಲಿಂಡರಿನ ಕತ್ತನ್ನು ಸವರಿದರು. ನುಣ್ಣಗಿತ್ತು. ಅವರ ಹುಬ್ಬು ಗಂಟಿಕ್ಕಿತು. ಬೀಗದ ಕೈಯಿಂದ ಕೆರೆದರು. ನೀಲಿ ಚಕ್ಕೆಯೆದ್ದಿತು. ಅದರಡಿ ಬಿಳಿ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಅದರಡಿ ಅಕ್ಷರಗಳು. ಅವರು ಬಗ್ಗಿ ಓದಿದರು, ತಲೆಯೆತ್ತಿ ತಮ್ಮ ಅಂಗಡಿಯ ಬೋರ್ಡು ನೋಡಿದರು, ಮತ್ತೆ ಬಗ್ಗಿ ಓದಿದರು. ನಾನೂ ಹಾಗೇ ಮಾಡಿದೆ. ಎರಡೂ ಕಡೆ ಇದ್ದದ್ದು ಒಂದೇ ಹೆಸರು.

"ಅಲ್ರೀ," ಎಂದರು ಯಜಮಾನರು. "ಶೆಡ್ ಕಟ್ಟೋನು ಬಾಡಿಗೆಗೆ ತಗೊಂಡು ಹೋದೋನು ಪತ್ತೆ ಇಲ್ಲ ಅಂತ ನಾನು ಹುಡುಕ್ತಾ ಇವ್ನಿ. ನೀವು ನನ್ ಮಾಲಿಗೆ ಬಣ್ಣ ಬಳ್ದು, ನಂಬರ್ ಮೇಲೆ ಪುಟ್ಟಿ ಮೆತ್ತಿ, ತುಂಬ್ಸಿ ಕೊಡಿ ಅಂತ ನನ್ ಹತ್ರಾನೇ ತಂದಿದ್ದೀರಾ? ಎಂತೆಂಥ ಕಳ್ರನ್ನೋ ನೋಡಿವ್ನಿ. ಇಂಥ ಎದೆಗಾರ್ಕೆ ನೋಡಿರ್ಲಿಲ್ಲ!" ಎಂದವರೇ ಒಳಗೆ ಹೋಗಿ ಫೋನೆತ್ತಿದರು. "ಉಳಿದದ್ದು ಠಾಣೇಲಿ ಮಾತಾಡಿ."

ನಮ್ಮವರು ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಅಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಇತ್ತು. ಒಂದು ಬೋಲ್ಟೂ ಕಳೆಯದ ಮನುಷ್ಯ. ನಾಳೆ ಹಾರೋಹಳ್ಳಿಯಲ್ಲಿ ಫಿಟರುಗಳು ಏನೆಂದಾರು, ಸಂಜೆ ನಮ್ಮ ಬೀದಿಯಲ್ಲಿ ಮೊಪೆಡ್ಡು ಎಷ್ಟು ನಿಧಾನವಾಗಿ ಹೋದೀತು ಎಂದೆಲ್ಲ ಅವರ ಮುಖದಲ್ಲೇ ಓದಬಹುದಿತ್ತು. ಕಂಟ್ರಾಕ್ಟರನ ಹೆಸರು ಹೇಳಿ ಎಂದು ನಾನು ಮೊಣಕೈಯಿಂದ ತಿವಿದೆ. ಅವರಿಗೆ ದನಿಯೇ ಹೊರಡಲಿಲ್ಲ.

ನನಗೆ ಹೆದರಿಕೆಯಾದರೆ ಕಾನ್ವೆಂಟು ತಾನಾಗಿ ಹೊರಗೆ ಬರುತ್ತದೆ. ಎರಡೂ ಕೈ ಹಿಂದೆ ಕಟ್ಟಿಕೊಂಡು, "ಎಕ್ಸ್‌ಕ್ಯೂಸ್ ಮಿ ಸರ್" ಎಂದೆ. "ಬಣ್ಣ ಹೊಡೆದಿದ್ದು ನಾನು."

ಯಜಮಾನರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು. "ಯಾಕಮ್ಮ?"

"ಆಯುಧಪೂಜೆ ಇತ್ತಲ್ಲ ಸರ್."

"ಪುಟ್ಟಿ?"

"ಕತ್ತಿನ ಹತ್ತಿರ ಒರಟಾಗಿತ್ತು. ಬಣ್ಣ ಸರಿಯಾಗಿ ಕೂರಲ್ಲ ಅಂತ."

"ಒರಟಾಗಿತ್ತು! ಅದು ನಂಬರು ಕಣಮ್ಮ! ಇರ್ಲಿ, ಈ ಹೂವು?"

"ಬರೀ ನೀಲಿ ಬೋಳು ಬೋಳಾಗಿ ಕಾಣ್ತಿತ್ತು ಸರ್."

ಯಜಮಾನರು ಫೋನನ್ನು ಮೇಜಿನ ಮೇಲೆ ಮಲಗಿಸಿ ಹೊರಗೆ ಬಂದರು. ಮಂಡಿ ಲಟಕೆನ್ನಿಸುತ್ತಾ ಸಿಲಿಂಡರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಳ್ಳಿ ಸುತ್ತಿದ ಕಡೆಗೆಲ್ಲ ತಲೆ ತಿರುಗಿಸಿ ಬುಡದವರೆಗೆ ನೋಡಿದರು. ಫೋನಿನೊಳಗಿನಿಂದ ಯಾರೋ "ಹಲೋ, ಹಲೋ" ಎನ್ನುತ್ತಲೇ ಇದ್ದರು.

"ಒಂದೊಂದು ಮೊಗ್ಗಿಗೂ ತೊಟ್ಟು ಬರ್ದಿದ್ದೀರಲ್ಲಮ್ಮ."

"ತೊಟ್ಟಿಲ್ಲದಿದ್ರೆ ಉದುರಿದ ಮೊಗ್ಗಿನ ಹಾಗೆ ಕಾಣುತ್ತೆ ಸರ್" ಎಂದೆ. ಇದು ಸಿಸ್ಟರ್ ಹೇಳಿಕೊಟ್ಟ ಮಾತು, ಬಾಯಿಗೆ ತಾನಾಗಿ ಬಂತು.

ಯಜಮಾನರ ಹೊಟ್ಟೆ ಕುಣಿಯಿತು. ಆಮೇಲೆ ಭುಜ ಕುಣಿಯಿತು. "ಕದ್ದ ಮಾಲಿನ ಮುಂದೆ ಕುಂತು ಮೊಗ್ಗಿಗೆ ತೊಟ್ಟು ಬರಿಯೋವಷ್ಟು ಪುರುಸೊತ್ತು ಯಾವ ಕಳ್ಳನಿಗೈತಮ್ಮ!" ಎಂದು ಕಣ್ಣೊರೆಸಿಕೊಂಡು, ಒಳಗೆ ಹೋಗಿ ಫೋನಿನಲ್ಲಿ, "ಏನಿಲ್ಲ ಸಾರ್, ಹಬ್ಬದ ಶುಭಾಶಯ ಹೇಳಾನ ಅಂತ" ಎಂದು ಇಟ್ಟರು. ಅಷ್ಟರಲ್ಲಿ ನಮ್ಮವರಿಗೂ ದನಿ ಬಂದಿತ್ತು. ಕಂಟ್ರಾಕ್ಟರನ ಹೆಸರು, ಚಹರೆ, ಎದೆ ಮುಟ್ಟಿಕೊಂಡದ್ದು ಎಲ್ಲ ಹೇಳಿದರು. "ಅದೇ ಅವ್ನೇ. ಬಾಡಿಗೆ ಮನೆಯನ್ನ ಮಾರ್ಕೊಂಡು ಹೋದಂಗೆ ಮಾಡವ್ನೆ" ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾದರು. ಕಪ್ಪೆಂದರೆ ಆಕ್ಸಿಜನ್, ಕೆಂಗಂದು ಎಂದರೆ ಉರಿಯುವುದು, ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗಲೆಂದೇ ಆ ಬಣ್ಣ. ಯಾರೋ ಅವಸರದಲ್ಲಿ ಒಂದಕ್ಕೆ ಇನ್ನೊಂದೆಂದು ತಿಳಿದರೆ ಮನೆಯ ಸೂರು ಸಾವನದುರ್ಗದ ತುದಿಯಲ್ಲಿ ಸಿಗುತ್ತದೆ ಎಂದರು. ನಾನು ತಲೆ ತಗ್ಗಿಸಿದೆ.

"ಇನ್ನೊಂದೂ ಐತಂತಲ್ಲ, ಅದಕ್ಕೇನು ಬಿಡ್ಸಿದ್ದೀರಿ?"

"ತಾವರೆ ಸರ್."

"ನಾಳೇನೇ ತಂದ್ಬುಡಿ, ಅದೂ ನಮ್ದೇ ಇರ್ಬೇಕು. ಬದಲಿ ಕೊಡ್ತೀನಿ. ಇವಕ್ಕೆ ಮಾತ್ರ ಒಂದು ಚುಕ್ಕೆನೂ ಇಡಕೂಡ್ದು."

ಬಾಡಿಗೆಯ ಕಪ್ಪು ಸಿಲಿಂಡರು ಆಟೋ ಏರಿತು, ಕುಚ್ಚು ಕಟ್ಟಿದ ಸೀರೆ ನನ್ನ ಮಡಿಲೇರಿತು. ಊರು ದಾಟುವವರೆಗೆ ನಮ್ಮವರ ಕಣ್ಣು ಮುಂದಿನ ಆಟೋದ ಮೇಲೆಯೇ ಇತ್ತು. ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನು ಕುಚ್ಚಿನ ಗಂಟು ಎಣಿಸುವವಳ ಹಾಗೆ ಮಡಿಲಿನ ಸೀರೆ ನೋಡುತ್ತಿದ್ದೆ. ಕೊನೆಗೆ ಅವರು, "ಅಷ್ಟೂ ಮೊಗ್ಗಿಗೂ ತೊಟ್ಟು ಬರ್ದಿದ್ಯಾ?" ಎಂದರು. "ಹೂಂ" ಎಂದೆ. "ನಾನು ನೋಡೇ ಇರ್ಲಿಲ್ಲ" ಎಂದರು. ನಮ್ಮ ಮನೆಯಲ್ಲಿ ಇದನ್ನು ಪ್ರೇಮಸಲ್ಲಾಪದ ಲೆಕ್ಕಕ್ಕೆ ಹಿಡಿಯಬೇಕು.

ಗಿಡ್ಡದನ್ನೂ ಬದಲಾಯಿಸಿಕೊಂಡು ಬಂದ ಮೇಲೆ, ಮುಂದಿನ ಭಾನುವಾರ ಉಳಿದ ಜಾಲರಿಯನ್ನು ನಮ್ಮವರು ಕತ್ತರಿಸಿ ಇಳಿಸಿದರು. ಈ ಸಲ ಯಾರನ್ನೂ ಕರೆದಿರಲಿಲ್ಲ, ಎಲ್ಲರೂ ಬಂದಿದ್ದರು. ಇನ್ನು ಕಂಬವನ್ನು ಸರಿಸಿ ವೆಲ್ಡ್ ಮಾಡಬೇಕು. ಅದಕ್ಕೆ ನಿಂಗರಾಜುವೇ ಬೇಕು. ಅವನು ಬಂದ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದ, ಹಿಂದಕ್ಕೆ ಬಾಗಿ ಒಂದು ಕಣ್ಣು ಮುಚ್ಚಿ ನೋಡಿದ. ಜಯಮ್ಮ, ಮೇಷ್ಟ್ರು, ಹಾಲಿನವನು ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಯಾರ್ ಸಾರ್ ಇದನ್ನ ಕಟ್ ಮಾಡಿದ್ದು? ಹಲ್ಲಿಲ್ದ ಮುದ್ಕ ಕಬ್ಬು ಕಚ್ದಂಗೈತೆ!"

ನಮ್ಮವರ ಕಿವಿ ಕೆಂಪಾಯಿತು. ನನಗೆ ರಾಮನಗರದಲ್ಲಿ ಕಂಡ ಆ ಜೇಬಿನ ಮೇಲಿನ ಕೈ ಕಣ್ಣಿಗೆ ಕಟ್ಟಿತು. ಸಿಸ್ಟರುಗಳ ಮುಂದೆ ಒಂದು ದಿನವೂ ಸುಳ್ಳಾಡದ ನಾನು, "ನಾನೇ ನಿಂಗರಾಜು" ಎಂದುಬಿಟ್ಟೆ. ಅವರು ಕತ್ತರಿಸಿದ್ದನ್ನು ಅರ್ಧ ಬೀದಿ ಕಣ್ಣಾರೆ ಕಂಡಿತ್ತು. ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಜಯಮ್ಮನಂತೂ ಸೆರಗು ಬಾಯಿಗಿಟ್ಟುಕೊಂಡು ಎಮ್ಮೆಯ ಕಡೆ ನೋಡಿದರು.

ಕತ್ತರಿಸುವ ಹೊತ್ತಿಗೆ ಎರಡು ದಿನವೂ ತನ್ನ ಅಂಗಡಿಯಲ್ಲೇ ಇದ್ದ ನಿಂಗರಾಜು ಮಾತ್ರ ನಂಬಿಬಿಟ್ಟ. "ಮೇಡಮ್ಮೋರಾ? ಹಂಗನ್ನಿ ಮತ್ತೆ! ಹೆಣ್ಣೆಂಗ್ಸಾಗಿ ಇಷ್ಟು ಕಟ್ ಮಾಡಿದ್ದೀರಲ್ಲ, ಎಂಥ ಧೈರ್ಯ! ಇದು ಬಲು ಚೆಂದಾಗೈತೆ ಬುಡಿ, ನನ್ ಕೈಲೂ ಶುರುವಿನಲ್ಲಿ ಹಿಂಗ್ ಬತ್ತಿರ್ಲಿಲ್ಲ" ಎಂದು ಹೊಗಳತೊಡಗಿದ. ಹೊಗಳಿಕೆ ನಿಲ್ಲಲಿಲ್ಲ. ನಮ್ಮವರು ಒಂದು ಸಲ ಕೆಮ್ಮಿದರು, ಎರಡು ಸಲ ಕೆಮ್ಮಿದರು, ಕೊನೆಗೆ ತಡೆಯಲಾರದೆ, "ಮೇಲಿನ ಭಾಗ ನಾನು ಮಾಡಿದ್ದು" ಎಂದರು.

"ಅದಾ? ಅದ್ ಒಸಿ ಸೊಟ್ಟಗೈತೆ ಸಾರ್" ಎಂದ ನಿಂಗರಾಜು.

ಕಾರು ಒಳಗೆ ಬಂತು. ಮೆಣಸಿನಕಾಯಿ ಒಣಹಾಕಲು ಜಾಗ ಹೋಯಿತೆಂದು ಜಯಮ್ಮ ಒಂದು ವಾರ ಮುನಿಸಿಕೊಂಡಿದ್ದರು. ಮುನಿಸು ಮುಗಿದ ದಿನ ಒಂದು ಕಬ್ಬಿಣದ ಮಂಚವನ್ನು ನಮ್ಮ ಅಂಗಳಕ್ಕೆ ಎಳೆದು ತಂದರು. ಕಾಲುಗಳು ಎತ್ತರವಂತೆ, ಅವರ ತಾಯಿಗೆ ಹತ್ತಿ ಇಳಿಯಲು ಆಗುವುದಿಲ್ಲವಂತೆ. "ನಿಂಗರಾಜನ್ನ ಕೇಳ್ದೆ. ಪಕ್ಕದಲ್ಲೇ ಮೇಡಮ್ಮೋರು ಅವ್ರಲ್ಲ, ಅವ್ರ ಕೈ ಪಳಗೈತೆ ಅಂದ" ಎಂದು ನನ್ನನ್ನೇ ನೋಡಿದರು. ಅವರ ಕಣ್ಣಿನಲ್ಲಿದ್ದ ಕಿಡಿಗೇಡಿತನ ನನಗೆ ಕಾಣದೆ ಇರಲಿಲ್ಲ. ನಮ್ಮವರು ಆಗಲೇ ಕೈಗವಸು ತಂದು ನನ್ನ ಕೈಗೆ ಹಾಕುತ್ತಿದ್ದರು. ನಾನು ಒಳಗೆ ಹೋಗಿ ನೈಲಾನ್ ಸೀರೆ ಬದಲಿಸಿ ದಪ್ಪ ಕಾಟನ್ ಉಟ್ಟು ಬಂದೆ.

ಮೂರು ಕಾಲು ಅವರು ಕತ್ತರಿಸಿದರು, ನಾಲ್ಕನೆಯದನ್ನು ನಾನು. ಈಗ ಆ ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆಯಿದೆ. ಅಳೆದು ನೋಡಲು ಬಂದ ನಿಂಗರಾಜು, "ಇದ್ಯಾರು ಕಟ್ ಮಾಡಿದ್ದು?" ಎಂದು ಕೇಳಿದಾಗ ನಾನು ನಮ್ಮವರ ಮುಖ ನೋಡಿದೆ. ಗೇಟಿನ ದಿನ ನಾನು ಮಾಡಿದ್ದನ್ನು ನೆನೆದು ಅವರೂ ಈಗ ಒಂದು ಮಾತು ಹೇಳಿಯಾರು ಎಂದು ಕಾದೆ.

"ಇವ್ಳೇ" ಎಂದರು ನಮ್ಮವರು, ಅವನು ಕೇಳಿ ಮುಗಿಸುವ ಮೊದಲೇ.